ಚಪ್ಪಲಿ ಕಾಯುವವರು

ಹಡಗು ಕೊಲಂಬೊದಲ್ಲಿ ಒಂದು ಹಗಲು ಮಾತ್ರ ನಿಲ್ಲುತ್ತದೆ, ಅಷ್ಟರಲ್ಲಿ ಏನು ನೋಡುತ್ತೀರಿ ಎಂದು ಮೊದಲೇ ತಿಳಿಸಬೇಕು ಎಂದು ರಾಯಚೂರಿನ ಟ್ರಾವೆಲ್ಸ್‌ನವರು ವಾಟ್ಸಾಪಿನಲ್ಲಿ ಕಳಿಸಿದ್ದರು. ಮೂರು ಪ್ರವಾಸಗಳ ಪಟ್ಟಿ ಇತ್ತು. ಒಂದನೆಯದು ಊರೊಳಗಿನ ಸುತ್ತಾಟ, ಅದರಲ್ಲಿ ಹಳೆಯ ಕೋಟೆ ಪೇಟೆ, ಡಚ್ಚರ ಕಾಲದ ಕಟ್ಟಡ, ಅಂಗಡಿಸಾಲು. ಎರಡನೆಯದು ಕೆಲನಿಯದ ಬುದ್ಧ ವಿಹಾರ. ಮೂರನೆಯದು ಸಮುದ್ರದ ದಂಡೆ, ಮಧ್ಯಾಹ್ನದ ಊಟವೂ ಅಲ್ಲೇ. ಮರುದಿನ ಸಂಜೆ ಆರರೊಳಗೆ ಯಾವುದಾದರೂ ಒಂದನ್ನು ಒತ್ತಬೇಕು, ಒತ್ತಿದ ಮೇಲೆ ಬದಲಾಯಿಸಲು ಬರುವುದಿಲ್ಲ.

ನಾನು ರಾಯಚೂರಿನ ಸರಕಾರಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ನಮ್ಮ ಶಾಲೆಯ, ಆಚೀಚೆ ಶಾಲೆಗಳ ನಾವು ಎಂಟು ಶಿಕ್ಷಕಿಯರು ಬೇಸಿಗೆ ರಜೆಯಲ್ಲಿ ಚೆನ್ನೈಯಿಂದ ಹಡಗು ಹತ್ತಿ ಶ್ರೀಲಂಕಾ ನೋಡಿಬರುವುದೆಂದು ನಿಶ್ಚಯವಾಗಿತ್ತು. ಒಬ್ಬರಿಗೆ ಮಗಳ ಬಾಣಂತನ ಬಂದು ಹಿಂದೆ ಸರಿದರು. ಆ ಜಾಗಕ್ಕೆ ದೇವದುರ್ಗದಲ್ಲಿ ತಮ್ಮನ ಮನೆಯಲ್ಲಿರುವ ನಮ್ಮ ತಾಯಿ, ಯವ್ವನ ಹೆಸರು ಬರೆಸಿದೆ. ಲುಂಬಿನಿಗೆ ಕರೆದೊಯ್ಯಬೇಕೆಂದು ಎಂದೋ ಮಾಡಿಸಿದ್ದ ಆಕೆಯ ಪಾಸ್‌ಪೋರ್ಟು ಪೆಟ್ಟಿಗೆಯಲ್ಲಿ ಹಾಗೇ ಕೂತಿತ್ತು. ಉಳಿದ ಆರೂ ಜನ ನನ್ನ ಸ್ವಭಾವ ಬಲ್ಲವರು. "ನೀವು ಒತ್ತಿದ್ದೇ ನಮ್ಮದು ಮೇಡಂ" ಎಂದು ಕೈ ತೊಳೆದುಕೊಂಡರು.

ಬೌದ್ಧರ ಮನೆಯವಳಾದ ನಾನು ವಿಹಾರ ಬಿಟ್ಟು ಬೇರೆ ಯಾವುದನ್ನು ಒತ್ತಬೇಕು? ಆದರೂ ಬೆರಳು ಮುಂದೆ ಹೋಗಲಿಲ್ಲ. ನನ್ನ ಯವ್ವ ಎಲ್ಲಿಗೆ ಹೋದರೂ ಒಳಗೆ ಹೋಗುವುದಿಲ್ಲ. ಬಾಗಿಲಲ್ಲಿ ಕೂತು ಚಪ್ಪಲಿ ಕಾಯುತ್ತಾಳೆ.

ನಮ್ಮ ಕಡೆ ಹತ್ತು ಜನ ಕೂಡಿ ಗುಡಿಗೋ ದರ್ಗಾಕ್ಕೋ ಹೋದರೆ ಒಬ್ಬರು ಹೊರಗೆ ಚಪ್ಪಲಿ ಕಾಯುವುದು ವಾಡಿಕೆ. ಒಳಗೆ ಹೋದವರು ಬಂದ ಮೇಲೆ ಕಾದವರು ಹೋಗುತ್ತಾರೆ. ಯವ್ವನ ಪಾಳಿ ಮಾತ್ರ ಬರುವುದೇ ಇಲ್ಲ. ಹಂಪಿಯಲ್ಲಿ ಕಾದಳು, ಬಾದಾಮಿಯಲ್ಲಿ ಕಾದಳು, ಸಂಬಂಧಿಕರ ಮದುವೆ ಮಂಟಪದಲ್ಲೂ ಕಾದಳು. ನಾವು ಹೊರಗೆ ಬಂದು "ಭಾಳ ಹೊತ್ತಾತೇನು ಯವ್ವಾ?" ಎಂದು ಕೇಳಿದರೆ ಈಗಷ್ಟೇ ಕೂತವಳ ಹಾಗೆ ಒಂದೇ ಉತ್ತರ, "ಇಲ್ಲ ಬೇ, ಈಗರ ಕುಂತೀನಿ." ಒಳಗೆ ಹೋಗು ಎಂದರೆ ಮೊಣಕಾಲು ನೋವು. ಅದೇ ಮೊಣಕಾಲಿನಲ್ಲಿ ಮನೆಯ ಮಾಳಿಗೆ ಹತ್ತಿ ಮೆಣಸಿನಕಾಯಿ ಹರವುವುದು ನಮಗೆಲ್ಲ ಗೊತ್ತಿದ್ದ ಸಂಗತಿ.

ಒಮ್ಮೆ ನಾನು ಬಿಡದೆ ಕೇಳಿದಾಗ ಹೇಳಿದ್ದಳು. ಆಕೆ ಸಣ್ಣಾಕೆಯಿದ್ದಾಗ ನಮ್ಮ ಓಣಿಯವರಿಗೆ ಗುಡಿಯ ಕಟ್ಟೆಯವರೆಗೆ ಮಾತ್ರ ದಾರಿ. ಇವರು ಹೇಗೂ ಇಲ್ಲೇ ನಿಂತಿರುತ್ತಾರಲ್ಲ ಎಂದು ಒಳಗೆ ಹೋಗುವವರು ತಮ್ಮ ಚಪ್ಪಲಿಗಳನ್ನು ಇವರ ಮುಂದೆ ಬಿಟ್ಟು ಹೋಗುತ್ತಿದ್ದರಂತೆ. ಯವ್ವ ಇದನ್ನು ದೂರುವ ಹಾಗೆ ಹೇಳಲಿಲ್ಲ, ಆ ವರ್ಷ ಜೋಳ ಚೆನ್ನಾಗಿ ಬಂದಿತ್ತು ಅನ್ನುವ ಹಾಗೆ ಹೇಳಿದಳು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಇನ್ನೂ ಆರಿಲ್ಲ.

ಮುಂದೆ ನಾವು ಓದಿದೆವು, ನೌಕರಿ ಹಿಡಿದೆವು, ದೇವದುರ್ಗದ ನಮ್ಮ ಓಣಿಯಲ್ಲೇ ನಮ್ಮದೇ ವಿಹಾರ ಕಟ್ಟಿದೆವು. ಅದರ ಉದ್ಘಾಟನೆಯ ದಿನ ಒಳಗೆ ವಂದನೆ ನಡೆಯುತ್ತಿದ್ದಾಗ ತಿರುಗಿ ನೋಡಿದರೆ ಯವ್ವ ಹೊರಗೆ, ಗೋಡೆಯ ನೆರಳಲ್ಲಿ, ಚಪ್ಪಲಿಗಳ ನಡುವೆ. ಅಲ್ಲಿ ಆಕೆಯನ್ನು ತಡೆಯುವವರು ಯಾರಿದ್ದರು? ನಾನು ಹೊರಗೆ ಬಂದು ಜಗಳಾಡಿದೆ. "ಎಲ್ಲಾರ್ವೂ ಹೊಸಾ ಚಪ್ಲಿ ಅದಾವ. ಕಳದ್ರ ಯಾರ್ ಹೊಣಿ?" ಎಂದು ನನ್ನನ್ನೇ ಕೇಳಿದಳು. ಅಂದಿನಿಂದ ನನಗೆ ಹೆದರಿಕೆ ಹತ್ತಿತು. ಬೇರೆಯವರು ಹಾಕಿದ ಗೆರೆಯಾದರೆ ಅಳಿಸಬಹುದು. ಇದು ಆಕೆಯೊಳಗೇ ಇತ್ತು.

ಈಗ ಸಮುದ್ರ ದಾಟಿ ಕರೆದೊಯ್ದು, ಅಲ್ಲಿಯೂ ಯವ್ವ ಬಿಸಿಲಲ್ಲಿ ಚಪ್ಪಲಿ ಕಾಯುತ್ತ ಕೂತರೆ ನಾನು ಒಳಗೆ ಯಾವ ಮುಖ ಹೊತ್ತು ಕೈ ಮುಗಿಯಲಿ? ಅದನ್ನು ತಡೆದುಕೊಳ್ಳುವ ಶಕ್ತಿ ನನ್ನಲ್ಲಿ ಇರಲಿಲ್ಲ.

ಮರುದಿನ ರವಿವಾರ. ಬೆಳಗಿನ ಬಸ್ಸಿಗೆ ಮಾನ್ವಿಗೆ ಹೋದೆ. ಅಕ್ಕ ಅಲ್ಲಿ ನರ್ಸು. ನನಗಿಂತ ಕಡಿಮೆ ಓದಿದ್ದಾಳೆ, ನನಗಿಂತ ಬೇಗ ನಿರ್ಧಾರ ಮಾಡುತ್ತಾಳೆ. ರೊಟ್ಟಿ ಬಡಿಯುತ್ತಲೇ ನನ್ನ ಫೋನಿನ ಪಟ್ಟಿ ಓದಿಸಿ ಕೇಳಿದಳು.

"ಮೂರನೇದು ಒತ್ತು" ಎಂದಳು.

"ಸಮುದ್ರದ ದಂಡಿ? ಹಡಗಿನಾಗ ನಾಕು ದಿನ ಸಮುದ್ರನ ನೋಡ್ತೀವಲ್ಲ ಅಕ್ಕಾ."

"ಭಾಳ ಶಾಣ್ಯಾಕಿ ಅದಿ, ಸುಮ್ನಿರು. ದಂಡಿ ಮ್ಯಾಗ ಚಪ್ಲಿ ಬಿಟ್ಟು ಒಳಗ್ ಹೋಗೋ ಮಾತೇ ಇಲ್ಲ. ಯವ್ವ ನಿಮ್ ಜೋಡಿ ಅಡ್ಡಾಡ್ತಾಳ, ನಿಮ್ ಜೋಡಿ ಉಣ್ತಾಳ. ವಿಹಾರಕ್ಕ ಒಯ್ದಿ ಅಂದ್ರ ಬಾಗಲ್ದಾಗ ಕುಂದರ್ತಾಳ. ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ."

"ಅದು ಹುಟ್ಟುಗುಣ ಅಲ್ಲಕ್ಕಾ, ಮಂದಿ ಹಚ್ಚಿದ್ದು."

"ಯಾರರ ಹಚ್ಚಿರ್ಲಿ. ಬಿಡಸಾಕ ನಿನ್ ಕೈಲಿ ಆಗ್ತದೇನು ಹೇಳು?"

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ, ಅದಕ್ಕೇ ನನಗೆ ಸಿಟ್ಟು. ಆಕೆ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯದ ಡಬ್ಬಿ ಹಿಡಿದು ಸಿರವಾರದ ಮೇಲೆ ಹೋಗುವ ಬಸ್ಸು ಹತ್ತಿ ದೇವದುರ್ಗಕ್ಕೆ ಹೊರಟೆ. ದಾರಿಯುದ್ದಕ್ಕೂ ಫೋನು ತೆಗೆಯುವುದು, ಮೂರನೆಯದರ ಮೇಲೆ ಬೆರಳು ಇಡುವುದು, ಮತ್ತೆ ಒಳಗಿಡುವುದು. ಶಾಲೆಯಲ್ಲಿ ಮಕ್ಕಳು ಹೀಗೆ ಮಾಡಿದರೆ ಬಯ್ಯುವವಳು ನಾನೇ.

ಯವ್ವ ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಆಕೆಯ ಪಕ್ಕದಲ್ಲಿ ಕೂತು, ನಾನೂ ತೊಟ್ಟು ಮುರಿಯುತ್ತ ಮೂರೂ ಪ್ರವಾಸಗಳನ್ನು ಬಿಡಿಸಿ ಹೇಳಿದೆ. ವಿಹಾರದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಿದೆ. ಬೋಧಿವೃಕ್ಷ ಅದ, ಗೋಡೆ ತುಂಬಾ ಬುದ್ಧನ ಚಿತ್ರ ಅದಾವ, ಎಲ್ಲರೂ ಬಿಳಿ ಬಟ್ಟೆ ಉಟ್ಟು ಬರ್ತಾರ ಎಂದೆಲ್ಲ. ಯವ್ವ ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಯಾವುದು ನೋಡುತ್ತಿ ಎಂದು ಕೇಳಿದೆ.

"ನಿಮಗ್ ತಿಳಿದಂಗ ಮಾಡ್ರಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲಿ ಚಪ್ಲಿ ಎಲ್ಲಿ ಬಿಡ್ತಾರ?" ಎಂದು ಕೇಳಿದಳು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಆರಕ್ಕೆ ಹತ್ತು ನಿಮಿಷ ಇತ್ತು. ಯವ್ವನ ಕಣ್ಣೆದುರೇ ಎರಡನೆಯದನ್ನು ಒತ್ತಿದೆ. "ಒತ್ತೀನಿ ನೋಡು, ವಿಹಾರನ. ಈ ಸಲ ನೀ ಒಳಗ್ ಬರ್ಲಿಲ್ಲಂದ್ರ ನಾನೂ ಹೋಗಂಗಿಲ್ಲ, ಇಬ್ರೂ ಹೊರಗ ಕುಂದ್ರೂಣು" ಎಂದು ಕೂಗಾಡಿದೆ. ಒಳಗಿನಿಂದ ತಮ್ಮನ ಹೆಂಡತಿ ಓಡಿಬಂದಳು. ಯವ್ವ ನನ್ನ ಮುಖವನ್ನೇ ನೋಡಿ, "ಖಾರದ ಕೈ ಕಣ್ಣಿಗ್ ಹಚ್ಕೋಬ್ಯಾಡ" ಎಂದಳು. ನಾನು ಅಳುತ್ತಿದ್ದೇನೆಂದು ನನಗೆ ಆಗಲೇ ಗೊತ್ತಾಗಿದ್ದು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಮುಂದಿನ ಮೂರು ವಾರ ನನಗೆ ಇದೇ ಚಿಂತೆ. ಬದಲಾಯಿಸಲು ಆಗುತ್ತದೋ ಎಂದು ಟ್ರಾವೆಲ್ಸ್‌ನವರನ್ನು ಎರಡು ಸಲ ಕೇಳಿ, ಎರಡು ಸಲವೂ ಇಲ್ಲ ಅನ್ನಿಸಿಕೊಂಡೆ. ಹಡಗಿನ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಗೆಳತಿಯರು ಫೋಟೋ ತೆಗೆದುಕೊಂಡರು, ಹಾಡಿದರು. ಯವ್ವ ನೀರು ನೋಡಿ "ಇಷ್ಟ್ ನೀರು, ಒಂದ್ ಹನಿ ಕುಡಿಯಾಕ ಬರಂಗಿಲ್ಲಂತ" ಎಂದು ನಕ್ಕಳು. ನಾನು ಮಾತ್ರ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುತ್ತಿದ್ದೆ. ಯವ್ವ ಬಾಗಿಲಲ್ಲಿ ಕೂತರೆ ಏನನ್ನುವುದು, ಕೈ ಹಿಡಿದು ಎಳೆಯುವುದೋ, ಕಾಲಿಗೆ ಬೀಳುವುದೋ.

ಕೊಲಂಬೊ ಬಂತು. ಬಂದರಿನಲ್ಲಿ ಎರಡನೆಯ ಪ್ರವಾಸದ ಬಸ್ಸು ನಿಂತಿತ್ತು. ಗೈಡು ಮಧ್ಯವಯಸ್ಸಿನವರು, ತಮಿಳೂ ಇಂಗ್ಲಿಷೂ ಮಾತಾಡುತ್ತಿದ್ದರು. ವಿಹಾರದಲ್ಲಿ ಒಂದೂವರೆ ತಾಸು, ಹನ್ನೆರಡಕ್ಕೆ ಸರಿಯಾಗಿ ಬಸ್ಸು ಹೊರಡುತ್ತದೆ ಎಂದು ಹೇಳಿದರು. ಇಳಿದಾಗ ಬಿಸಿಲು ನಮ್ಮೂರಿನದೇ ಅನ್ನುವಂತಿತ್ತು. ನೀಲಿ ತಾವರೆ ಮಾರುವವರ ಸಾಲು ದಾಟಿದರೆ ದೊಡ್ಡ ಬಾಗಿಲು, ಅಲ್ಲಿಂದಲೇ ಬರಿಗಾಲು.

ನಾನು ಬಗ್ಗಿ ಚಪ್ಪಲಿ ಬಿಚ್ಚಿ ತಲೆಯೆತ್ತುವಷ್ಟರಲ್ಲಿ ಯವ್ವ ಕಂಕುಳ ಚೀಲದಿಂದ ಇನ್ನೊಂದು ಚೀಲ ತೆಗೆದಿದ್ದಳು. ಹಳೆಯ ಗೊಬ್ಬರದ ಚೀಲ ಹೊಲಿದು ಕೈಪಟ್ಟಿ ಹಚ್ಚಿದ್ದು. ದೇವದುರ್ಗದಿಂದಲೇ ಮಡಿಚಿ ತಂದಿದ್ದಳು, ಇದಕ್ಕೆಂದೇ! ನಮ್ಮ ಎಂಟು ಜೋಡಿ ತುಂಬಿದಳು. ಅದನ್ನು ನೋಡಿ ಇದೂ ಪ್ರವಾಸದ ಏರ್ಪಾಡೇ ಇರಬೇಕೆಂದು ತಿಳಿದು ನಮ್ಮ ಬಸ್ಸಿನ ಒಬ್ಬ ಉತ್ತರ ಭಾರತದ ಹೆಣ್ಣುಮಗಳು ತನ್ನವನ್ನೂ ಕೊಟ್ಟಳು. ಯವ್ವ ಬಹಳ ಗೌರವದಿಂದ ತೆಗೆದುಕೊಂಡಳು. ಬಾಗಿಲ ಪಕ್ಕದ ಕಟ್ಟೆ ಆಗಲೇ ಆಕೆಯ ಕಣ್ಣಿಗೆ ಬಿದ್ದಿತ್ತು.

ಅಷ್ಟರಲ್ಲಿ ಬಾಗಿಲ ಬದಿಯ ಚಪ್ಪಲಿ ಇಡುವ ಗೂಡುಗಳ ಹಿಂದಿನಿಂದ ಬಿಳಿ ಸೀರೆಯ ಒಬ್ಬ ಮುದುಕಿ ಎದ್ದು ಬಂದಳು. ಯವ್ವನದೇ ವಯಸ್ಸು, ಯವ್ವನ ಹಾಗೇ ಒಣಗಿದ ಕೈ. ಯಾರ ಅಪ್ಪಣೆಯನ್ನೂ ಕೇಳದೆ ಯವ್ವನ ಕೈಯಿಂದ ಚೀಲ ತೆಗೆದುಕೊಂಡು ಒಂದು ಗೂಡಿನಲ್ಲಿಟ್ಟಳು. ನಂಬರಿದ್ದ ಮರದ ಬಿಲ್ಲೆಯೊಂದನ್ನು ಯವ್ವನ ಅಂಗೈಗೆ ಇಟ್ಟು, ಒಳಗೆ ಹೋಗು ಎಂದು ಕೈ ಮಾಡಿದಳು. ಯವ್ವ ಬರಿಗೈಯಲ್ಲಿ ನಿಂತಳು. ಅಷ್ಟು ದಿಕ್ಕು ತೋಚದವಳಾಗಿ ಆಕೆಯನ್ನು ನಾನು ಎಂದೂ ನೋಡಿರಲಿಲ್ಲ.

"ಈಕಿ ಕಾಯ್ತಾಳಂತೇನು?"

"ಹೂಂ ಯವ್ವಾ. ಇಲ್ಲಿ ಅದಕ್ಕಂತನ ಆಕಿ ಇರಾಕಿ."

ಯವ್ವ ಮುದುಕಿಯನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಾರ ಈಕಿ ಒಳಗ್ ಯಾವಾಗ ಹೋಗ್ತಾಳ?"

ಈ ಪ್ರಶ್ನೆಯನ್ನು ನಾನು ಯವ್ವನ ಬಗ್ಗೆ ಐವತ್ತು ವರ್ಷದಲ್ಲಿ ಎಷ್ಟು ಸಲ ಕೇಳಬೇಕಿತ್ತೋ ಅಷ್ಟು ಸಲ ಕೇಳಿರಲಿಲ್ಲ. ಗೈಡಿಗೆ ಇಂಗ್ಲಿಷಿನಲ್ಲಿ ಹೇಳಿದೆ, ಅವರು ಸಿಂಹಳದಲ್ಲಿ ಮುದುಕಿಯನ್ನು ಕೇಳಿದರು. ಆಕೆ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕು ಉದ್ದಕ್ಕೆ ಏನೋ ಹೇಳಿದಳು. ದಿನವೂ ಬೆಳಗಿನ ಜಾವ ಮೊದಲು ಒಳಗೆ ಹೋಗುವವಳು ತಾನೇ, ಬೋಧಿಮರದ ಕೆಳಗೆ ಕಸ ಗುಡಿಸಿ, ಹೂವಿಟ್ಟು, ಆಮೇಲೆ ಇಲ್ಲಿ ಬಂದು ಕೂರುತ್ತಾಳೆ ಎಂದು ಗೈಡು ತಿಳಿಸಿದರು. ನಾನು ಅದನ್ನು ಯವ್ವನಿಗೆ ಹೇಳಿದೆ.

"ಮೊದ್ಲಕ ಈಕಿನ ಹೋಗ್ತಾಳ?"

"ಎಲ್ಲಾರ್ಕಿಂತ ಮೊದ್ಲು."

ಯವ್ವ ಆ ಮುದುಕಿಗೆ ಕೈ ಮುಗಿದು, ಸೆರಗು ತಲೆಯ ಮೇಲೆ ಎಳೆದುಕೊಂಡು, "ಹಂಗಾರ ನಡಿ" ಎಂದಳು. ನಾನು ಯೋಚಿಸಿಟ್ಟಿದ್ದ ಒಂದು ಮಾತೂ ಬೇಕಾಗಲಿಲ್ಲ. ಹೊಸ್ತಿಲನ್ನು ಆಕೆ ನನಗಿಂತ ಒಂದು ಹೆಜ್ಜೆ ಮುಂದೆ ದಾಟಿದಳು. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ನನಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು. ಸಂತೋಷಕ್ಕಿಂತ ಅದು ಬಿಡುಗಡೆ.

ಒಳಗೆ ಯವ್ವ ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೇ ಓಡಾಡಿದಳು. ಬಿಳಿಯ ಸ್ತೂಪ ಸುತ್ತಿದಳು, ಗೋಡೆಯ ಚಿತ್ರಗಳ ಮುಂದೆ ಒಂದೊಂದಕ್ಕೂ ನಿಂತಳು. ಬೋಧಿಮರದ ಹತ್ತಿರ ಬಂದಾಗ ಮರಳಿನ ಮೇಲೆ ಕೂತು, ಮುಷ್ಟಿ ಬಿಚ್ಚಿ, "ಇದನ್ನ ನೀ ಹಿಡಿ" ಎಂದು ಬಿಲ್ಲೆಯನ್ನು ನನಗೆ ಕೊಟ್ಟಳು. ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದಳು. ಏನು ಬೇಡಿಕೊಂಡಳೋ ನಾನು ಕೇಳಿಲ್ಲ.

ಹನ್ನೆರಡಾಗುತ್ತ ಬಂತು. ಗೈಡು ಕೈಗಡಿಯಾರ ತೋರಿಸುತ್ತಿದ್ದರು. ಯವ್ವ ಅಲ್ಲಾಡಲಿಲ್ಲ, ಆಕೆಯನ್ನು ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ. ಹಿರಿಯ ಗೆಳತಿಯೊಬ್ಬರನ್ನು ಆಕೆಯ ಹತ್ತಿರ ಬಿಟ್ಟು ನಾನು ಹೊರಗೆ ಬಂದೆ. ಬಿಲ್ಲೆ ಕೊಟ್ಟು ಚೀಲ ಬಿಡಿಸಿಕೊಂಡು, ನನ್ನ ಜೋಡಿ ಮೆಟ್ಟಿ, ಬಂದವರಿಗೆ ಬಂದ ಹಾಗೆ ಅವರವರ ಜೋಡಿ ಹಂಚಿದೆ. ಬಸ್ಸು ಸ್ವಲ್ಪ ನಿಲ್ಲಿಸಿಕೊಳ್ಳಿ ಎಂದು ಹೇಳಿಕಳಿಸಿದೆ, ಅವರೆಲ್ಲ ಬಸ್ಸಿಗೆ ಹೋದರು. ಗೆಳತಿಯೂ ಬಂದು, "ಈಗ ಏಳ್ತಾರ, ಬರ್ತಾರ" ಎಂದು ಹೇಳಿ ತಮ್ಮ ಜೋಡಿ ಮೆಟ್ಟಿಕೊಂಡರು. ಕೊನೆಗೆ ಉಳಿದದ್ದು ಯವ್ವನ ಹಿಮ್ಮಡಿ ಸವೆದ ಕಂದು ಚಪ್ಪಲಿ. ಅದನ್ನು ಮುಂದಿಟ್ಟುಕೊಂಡು ಯವ್ವ ಮೊದಲು ನೋಡಿಟ್ಟಿದ್ದ ಅದೇ ಕಟ್ಟೆಯ ಮೇಲೆ ಕೂತೆ. ಕಲ್ಲು ಕಾದಿತ್ತು. ಒಳಗಿನವರು ಬರುವ ದಾರಿ ನೋಡುತ್ತ ಕೂರುವುದು ಎಷ್ಟು ಉದ್ದದ ಕೆಲಸವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಯವ್ವ ಬಂದಳು. ಹಣೆಗೆ ಮರಳು ಅಂಟಿತ್ತು. ನಾನು ಕೂತದ್ದನ್ನೂ ಚಪ್ಪಲಿಯನ್ನೂ ನೋಡಿ ನಿಂತಳು.

"ಭಾಳ ಹೊತ್ತಾತೇನು ಬೇ?"

"ಇಲ್ಲ ಯವ್ವಾ" ಎಂದೆ. "ಈಗರ ಕುಂತೀನಿ."

ಈ ಸುಳ್ಳು ಆಕೆಗೆ ಚೆನ್ನಾಗಿ ಗೊತ್ತು. ನನ್ನ ಹೆಗಲಿನ ಮೇಲೆ ಕೈಯೂರಿ, ಒಂದೊಂದೇ ಕಾಲು ಎತ್ತಿ, ನಾನು ಹಿಡಿದುಕೊಟ್ಟ ಚಪ್ಪಲಿ ಮೆಟ್ಟಿಕೊಂಡಳು.