ಅತ್ತೆಯ ಕೆಂಪು ಚುಕ್ಕಿಗಳು

ನಮ್ಮ ಸೋದರತ್ತೆ ಗಾಲಿಕುರ್ಚಿ ಹಿಡಿದಾಗ ಸೋತದ್ದು ಕಾಲು ಮಾತ್ರ, ನಾಲಿಗೆಯಲ್ಲ. ಮನೆಗೆ ಬರುವ ಸಮಾಜ ಕಾರ್ಯಕರ್ತೆಯರೆಲ್ಲ ಅವಳ ಬಾಯಿಗೆ ಹೆದರುತ್ತಾರೆ. ಆದರೂ, ಅವರ ಕೆಲಸದಲ್ಲಿ ಯಾವುದರ ಬಗ್ಗೆ ಮೊದಲು ಸಂಶೋಧನೆ ಆಗಬೇಕೆಂದು ಎಲ್ಲರೂ ಸೇರಿ ಆರಿಸುವ ಸಭೆಗೆ ಅವಳನ್ನೂ ಕರೆದರು.

ಗೋಡೆಯ ತುಂಬ, ಸೂರಿನಿಂದ ಕೆಳಗಿನವರೆಗೆ, ಪ್ರಶ್ನೆಗಳನ್ನು ಅಂಟಿಸಿದ್ದರು. ಮುಖ್ಯ ಅನಿಸಿದ ಪ್ರಶ್ನೆಯ ಪಕ್ಕ ಕೆಂಪು ಚುಕ್ಕಿಯ ಸ್ಟಿಕ್ಕರ್ ಹಚ್ಚಬೇಕು. ಬಂದವರಲ್ಲಿ ಅತ್ತೆಯ ಹಾಗೆ ಗಾಲಿಕುರ್ಚಿಯವರೇ ಹೆಚ್ಚು. ಕೊನೆಗೆ ಗೆದ್ದದ್ದು ಎಲ್ಲಕ್ಕಿಂತ ಕೆಳಗಿದ್ದ ಪ್ರಶ್ನೆ: ಕಾರ್ಯಕರ್ತೆಯರು ಸ್ಕೂಟರ್ ಎಲ್ಲಿ ನಿಲ್ಲಿಸಬೇಕು?

ಸಭೆ ನಡೆಸುತ್ತಿದ್ದ ಸಂಶೋಧಕ ಹಿಗ್ಗಿ ಹೀರೇಕಾಯಿಯಾದ. "ಎಂಥಾ ಒಮ್ಮತ ಅಮ್ಮಾ, ಈ ಸ್ಕೂಟರ್ ವಿಷಯ ನಮಗೆ ಹೊಳೆದೇ ಇರಲಿಲ್ಲ!"

"ಒಮ್ಮತ, ನಿನ್ನ ತಲೆ!" ಅಂದಳು ಅತ್ತೆ. "ಕೂತವರ ಕೈಗೆ ಎಟುಕಿದ್ದು ಅದೊಂದೇ."