ಉಪ್ಪಿಗೆ ಹೊಲಿಯುತ್ತಿದ್ದ ಜಾನ್ಸೆತಮ್ಮ

ಜಾನ್ಸೆತಮ್ಮ ಹೊಲಿಗೆಗೆ ದುಡ್ಡು ಮುಟ್ಟುತ್ತಿರಲಿಲ್ಲ, ಉಪ್ಪು ಕೇಳುತ್ತಿದ್ದರು. ಶೆಫೀಲ್ಡಿನ ನಮ್ಮ ಏರುಬೀದಿಯಲ್ಲಿ ಯಾರ ಕೋಟಿನ ಜಿಪ್ಪು ಕೈಕೊಟ್ಟರೂ ಒಂದು ಪೊಟ್ಟಣ ಉಪ್ಪು ಹಿಡಿದು ಅವರ ಬಾಗಿಲು ತಟ್ಟಬೇಕು. ನಾನೊಮ್ಮೆ ಹುಣಸೆಹಣ್ಣು ಕೊಟ್ಟೆ. ನೆಕ್ಕಿ, ಒಂದು ಕಣ್ಣು ಮುಚ್ಚಿ, "ಇದಕ್ಕೆ ಎರಡು ಕೋಟು ಹೊಲೀಬಹುದು" ಎಂದರು.

ಹೆಸರು ಬರೀ ಜಾನ್ಸೆತ್. 'ಅಮ್ಮ' ಸೇರಿಸಿದ್ದು ನನ್ನ ಮೈಸೂರು ನಾಲಿಗೆ. ಜೋರ್ಡನ್ನಿನಲ್ಲಿ ಹುಟ್ಟಿದ ಸರ್ಕೇಶಿಯನ್ ಹೆಂಗಸು. ಅವರ ಹಿರಿಯರನ್ನು ಹಿಂದಿನ ಯಾವುದೋ ಯುದ್ಧ ಕಾಕಸಸ್ ಬೆಟ್ಟಗಳಿಂದ ಹೊರದೂಡಿತ್ತು. ಆ ಬೆಟ್ಟಗಳನ್ನು ಇವರು ಕಂಡವರೇ ಅಲ್ಲ. ಆದರೂ ಮಂಜು ಕವಿದ ಮಧ್ಯಾಹ್ನ ಸೂಜಿಗೆ ದಾರ ಪೋಣಿಸುತ್ತ ಕಿಟಕಿಯಾಚೆ ನೋಡಿದರೆಂದರೆ, ಎದುರಿನ ಇಟ್ಟಿಗೆ ಮನೆಗಳೆಲ್ಲ ಕರಗಿ ಕಪ್ಪು ಸಮುದ್ರದ ದಂಡೆ ತೆರೆದುಕೊಳ್ಳುತ್ತಿತ್ತು. "ನಮ್ಮವರು ಜೇನು, ಮೇಣ, ತೊಗಲು ಹೊತ್ಕೊಂಡು ಬೆಟ್ಟ ಇಳಿಯೋರು. ಹಡಗಿನವರು ಉಪ್ಪು, ಬಟ್ಟೆ ತರೋರು. ನಾಣ್ಯ ಯಾರಿಗೆ ಬೇಕಿತ್ತು!" ಅವರು ಆಡುತ್ತಿದ್ದುದು ಇಂಗ್ಲಿಷೇ. ನನ್ನ ಕಿವಿಗೆ ಮಾತ್ರ ಅದು ಕನ್ನಡವಾಗಿ ಬೀಳುತ್ತಿತ್ತು.

ಲ್ಯಾಬಿನ ಹೆಸರೆತ್ತಿದರೆ ನನಗೆ ಎದೆ ಹಿಡಿದುಕೊಳ್ಳುತ್ತಿದ್ದ ವರ್ಷ ಅದು. ಪಿಎಚ್‌ಡಿ ಬಿಟ್ಟೆ, ರೂಮೂ ಬಿಟ್ಟೆ. ಗುಡ್ಡಗಳಾಚೆಯ ವಿದನ್‌ಶಾ ಊರಲ್ಲಿ ಡಾಕ್ಟರಾಗಿದ್ದ ಅಣ್ಣನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನೇ. ಮನೆಗೇ ಸೇರಿಸದಿದ್ದರೆ? ಫೋನ್ ಬೂತಿನಲ್ಲಿ ಅವನ ನಂಬರು ಅರ್ಧ ಒತ್ತಿ ಇಟ್ಟುಬಿಟ್ಟೆ. ಬ್ಯಾಗು ಹಿಡಿದು ಜಾನ್ಸೆತಮ್ಮನ ಬಾಗಿಲಲ್ಲಿ ನಿಂತೆ.

ಯಾಕೆ, ಏನು ಎನ್ನಲಿಲ್ಲ ಅವರು. ನಮ್ಮ ರಾಗಿಮುದ್ದೆಯ ತಂಗಿಯಂಥ ಬರಗಿನ ಮುದ್ದೆ ಬಡಿಸಿದರು, ಹಾಸಿಗೆ ಹಾಸಿದರು. ಮೂರು ದಿನ ಮಲಗಿದೆ, ಎದ್ದೆ, ಹೊಲಿಗೆ ಯಂತ್ರದ ಸದ್ದಿಗೆ ಮತ್ತೆ ಮಲಗಿದೆ. ಅಷ್ಟು ಸುಖದ ನಿದ್ದೆ ನಾನು ಮತ್ತೆ ಮಾಡಿಲ್ಲ.

ನಾಲ್ಕನೆಯ ಬೆಳಿಗ್ಗೆ ಅವರೇ ಬಾಯಿಬಿಟ್ಟರು. "ಅತಿಥೀನ ಮೂರು ದಿನ ಏನೂ ಕೇಳಬಾರದು ಅಂತ ನಮ್ಮ ಹಿರಿಯರ ಪದ್ಧತಿ. ಅದು ಮುಗೀತು. ಎಲ್ಲಿಗೆ ಹೊರಟಿದ್ದೆ ಮಗಳೇ?"

ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಎದ್ದು ಕೋಟು ಹಾಕಿಕೊಂಡರು.

"ಬಂದವರನ್ನ ಬಾಗಿಲಿಂದಲೇ ಕಳಿಸಿಬಿಡೋ ಜನ ಅಲ್ಲ ನಾವು. ಅವರು ಮುಂದೆ ಹೋಗೋ ಮನೆ ತನಕ ಬಂದು, ಅಲ್ಲಿನವರ ಕೈಗೆ ಒಪ್ಪಿಸ್ತೀವಿ. ನಡಿ."

ಅಣ್ಣನ ಊರಿನ ಕಡೆಯ ರೈಲು ಹಸಿರು ಗುಡ್ಡಗಳ ನಡುವೆ, ಸುರಂಗಗಳ ಕತ್ತಲಲ್ಲಿ ತೂಗುತ್ತ ಹೋಯಿತು. ನನ್ನ ಬ್ಯಾಗನ್ನು ಅವರು ಮಡಿಲಿಂದ ಇಳಿಸಲಿಲ್ಲ.

ಆ ವರ್ಷದ ಚಳಿಗಾಲದಲ್ಲೇ ಜಾನ್ಸೆತಮ್ಮ ತೀರಿಕೊಂಡರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಣ್ಣನ ಬಾಗಿಲಲ್ಲಿ.

"ಏನೇ ಇದು? ಇವತ್ತು ಲ್ಯಾಬ್ ಇಲ್ವಾ?" ಎಂದ ಅಣ್ಣ.

"ಪಿಎಚ್‌ಡಿ ಬಿಟ್ಬಿಟ್ಟೆ ಅಣ್ಣಾ."

ಅವನ ಮುಖ ಕೆಂಪಾಯಿತು. ಗುರುತಿಲ್ಲದ ಹಿರಿಯರ ಎದುರು ಬೈಯಲಾಗದೆ ಬ್ಯಾಗಿಗೆ ಕೈ ಚಾಚಿದ. ಜಾನ್ಸೆತಮ್ಮ ಕೊಡಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದು, ಅವನ ಮುಖವನ್ನೇ ನೋಡುತ್ತ ನಿಂತರು. ಅವರಿಗೆ ಕನ್ನಡದ ಒಂದಕ್ಷರವೂ ಬಾರದು.

"ಬಾರೇ ಒಳಗೆ," ಎಂದ ಅಣ್ಣ ಕೊನೆಗೆ, ಸಣ್ಣ ದನಿಯಲ್ಲಿ. "ಎಷ್ಟು ಸೊರಗಿದೀಯ, ನೋಡು. ಊಟ ಆಯ್ತಾ?"

ಆಗ ಅವರು ಬ್ಯಾಗು ಕೊಟ್ಟರು.