ಅರ್ಧ ಬಾಡಿಗೆಯ ಲಾರಿ

ಮಸಗುಪ್ಪಿಯಿಂದ ಯಮಕನಮರಡಿಗೆ ಮಗಳ ಮದುವೆಯ ಬೆಲ್ಲ ಒಯ್ಯಲು ನನಗೆ ತಗುಲಿದ್ದು ಎರಡು ಸಾವಿರ ರೂಪಾಯಿ. ಲಾರಿಯವನು ಬಾಯಿ ತೆರೆದದ್ದು ನಾಲ್ಕಕ್ಕೆ. ಅರ್ಧಕ್ಕೆ ಇಳಿದದ್ದು ನನ್ನ ಮಾತಿನ ಬಲದಿಂದಲೇ ಎಂದುಕೊಂಡೆ. ಚೌಕಾಶಿಯಲ್ಲಿ ಗೆದ್ದವನು ಕಾರಣ ಕೇಳುವುದಿಲ್ಲ. ಅವನ ಸುಖವೇ ಅದರಲ್ಲಿರುತ್ತದೆ.

ನಮ್ಮ ಕಡೆಯ ಟ್ರಾನ್ಸ್‌ಪೋರ್ಟ್ ಕಂಪನಿಗಳನ್ನು ನೀವು ಒಮ್ಮೆ ನೋಡಬೇಕು. ಫಲಕದ ಮೇಲೆ ಇಡೀ ಭಾರತ. ಫಲಕದ ಕೆಳಗೆ ತಗಡಿನ ಶೆಡ್ಡು, ಕಾಲು ಅಲುಗಾಡುವ ಕುರ್ಚಿ, ಒಂದೇ ಒಂದು ಲಾರಿ. ಆ ಲಾರಿಯ ಹಣೆಯ ಮೇಲೆ ಮಾತ್ರ ಸುತ್ತಿನ ಊರುಗಳ ದೇವರೆಲ್ಲ ಒತ್ತೊತ್ತಾಗಿ ಕುಳಿತಿರುತ್ತಾರೆ. ಬ್ರೇಕಿನ ಜವಾಬ್ದಾರಿ ಬಹುಶಃ ಅವರದೇ. ಬಂಪರಿಗೆ ಲಿಂಬೆಹಣ್ಣು, ಮೆಣಸಿನಕಾಯಿ. ಇಡೀ ಗಾಡಿಯಲ್ಲಿ ತಪ್ಪದೆ ಬದಲಾಗುವ ಬಿಡಿಭಾಗ ಅದೊಂದೇ.

ಈ ಧಂದೆಯ ವೇದಾಂತ ನನಗೆ ಚೆನ್ನಾಗಿ ಗೊತ್ತು. ಮಾಲು ಹೊತ್ತು ಹೊರಟಾಗ ಲಾರಿಯವನು ಹುಲಿ. ಖಾಲಿ ಮರಳುವಾಗ ಡೀಸೆಲ್ ಕಾಸು ಹುಟ್ಟಿದರೆ ಸಾಕೆನ್ನುವ ಸಾಧು. ಆದ್ದರಿಂದ ನಾನು ಹುಕ್ಕೇರಿ ಕಡೆಗೆ ಮರಳುವ ಲಾರಿಯನ್ನೇ ಕಾದು ಹಿಡಿದೆ. ಮಾತು ಮುಗಿದು ಬೆಲ್ಲ ಹೇರುವಾಗ ನೋಡಿದರೆ ಅರ್ಧ ಲಾರಿಯ ತುಂಬ ಕುರಿ! ನಾಗನೂರಿನ ಕುರಿಗಾರ ಲಕ್ಕಪ್ಪನವು. ಯಮಕನಮರಡಿಯ ಹೊಲವೊಂದರಲ್ಲಿ ಗೊಬ್ಬರಕ್ಕಾಗಿ ಹಿಂಡು ಕೂಡಿಸಲು ಹೊರಟಿದ್ದ.

"ಹೆದರಬ್ಯಾಡ ಕಾಕಾ, ನಡುವ ತಾಡಪತ್ರಿ ಕಟ್ಟೇನಿ," ಎಂದ ಚಾಲಕ ಮಾರುತಿ. "ರಾಜ್ಯದ ಗಡಿ ಇದ್ದಂಗ. ಒಂದ್ ಕುರಿ ದಾಟಂಗಿಲ್ಲ."

ಬೆಳಗಾವಿ ಜಿಲ್ಲೆಯವನೊಬ್ಬ ಗಡಿಯ ಬಗ್ಗೆ ಇಷ್ಟು ಖಚಿತವಾಗಿ ಮಾತಾಡಿದಾಗಲೇ ನಾನು ಎಚ್ಚರವಾಗಬೇಕಿತ್ತು. ಮರುದಿನವೇ ಮದುವೆ, ಯಮಕನಮರಡಿಯ ಬೀಗರ ಮನೆಯಲ್ಲೇ. ಹೋಳಿಗೆಗೆ ನನ್ನ ಗಾಣದ ಬೆಲ್ಲವೇ ಎಂದು ಬೀಗರಿಗೆ ಮಾತು ಕೊಟ್ಟಿದ್ದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅವರ ಮನೆಯ ಬೆಲ್ಲ ಕಪ್ಪು ಎಂದು ನಾಲ್ಕು ಜನರ ಮುಂದೆ ಮೂಗು ಮುರಿದೂ ಬಂದಿದ್ದೆ.

ಗೋಕಾಕ ದಾಟುವವರೆಗೆ ಕುರಿಗಳು ಒಂದೇ ಸಮನೆ ಒದರುತ್ತಿದ್ದವು. ಆಮೇಲೆ ಸದ್ದೇ ಇಲ್ಲ.

"ನಿನ್ನ ಕುರಿ ಭಾಳ ಶಾಣ್ಯಾ ಅದಾವ ಬಿಡೋ ಲಕ್ಕಪ್ಪಾ," ಎಂದೆ.

"ಹೊಟ್ಟಿ ತುಂಬಿದ್ರ ಸುಮ್ನ ಇರ್ತಾವ್ರಿ ಸಾವ್ಕಾರ್ರ," ಎಂದ, ಕ್ಯಾಬಿನ್ನಿನ ಮೂಲೆಯಲ್ಲಿ ತೂಕಡಿಸುತ್ತಲೇ.

ನನಗೆ ಆ ಉತ್ತರ ಬಹಳ ಹಿಡಿಸಿತು. ಹುಕ್ಕೇರಿಯಲ್ಲಿ ಇಬ್ಬರಿಗೂ ಚಹಾ ಕುಡಿಸಿದೆ.

ಬೀಗರ ಅಂಗಳದಲ್ಲಿ ನೆಂಟರೆಲ್ಲ ನೆರೆದಿದ್ದರು. ಮಾರುತಿ ಲಾರಿಯ ಹಿಂಬಾಗಿಲು ಇಳಿಸಿದ. ತಾಡಪತ್ರಿ ಕೆಳಗೆ ಬಿದ್ದಿತ್ತು. ಗೋಣಿಚೀಲಗಳು ಹರಿದಿದ್ದವು. ನನ್ನ ಬೆಲ್ಲದ ಪೆಂಟಿಗಳ ಸುತ್ತ ಕುರಿಗಳು ಪಂಗತಿ ಹಿಡಿದು ನಿಂತಿದ್ದವು. ಒಂದು ಟಗರಂತೂ ಬೀಗರ ಮುಖ ನೋಡುತ್ತಲೇ ತುಟಿ ನೆಕ್ಕಿಕೊಂಡಿತು.

ಬೀಗರು ಹತ್ತಿರ ಬಂದು ಬಗ್ಗಿ ನೋಡಿದರು. "ನಮ್ಮ ಬೆಲ್ಲ ಕರ್ರಗೈತಿ ಅಂದಿದ್ರಿ. ನಿಮ್ಮದು ಖರೇನ ಹೊಳೀತೈತಿ ಬಿಡ್ರಿ. ನೆಕ್ಕಿ ನೆಕ್ಕಿ ಪಾಲಿಶ್ ಮಾಡ್ಯಾವ!"

ಅಂಗಳವೆಲ್ಲ ನಗೆ. ನಾನು ಲಾರಿಯ ಹಣೆಯ ದೇವರುಗಳತ್ತ ನೋಡಿದೆ. ಅವರು ರಸ್ತೆಯ ಕಡೆ ಮುಖ ಮಾಡಿದ್ದರು.

"ಬಾಡಗಿ ಏಸ್ ಕೊಟ್ರಿ ಬೀಗರ?" ಎಂದು ಬೀಗರು ನನ್ನನ್ನು ಕೇಳಿದರು.

ಚಟ ಎಲ್ಲಿ ಬಿಡುತ್ತದೆ! "ಅರ್ಧಾ ರೇಟಿಗೆ ಮುಗಿಸೇನ್ರಿ," ಎಂದು ಬಾಯಿ ತಾನಾಗಿ ಅಂದುಬಿಟ್ಟಿತು.

"ಮುಗೀತೈತಿ ತಗೋರಿ. ಉಳದ ಅರ್ಧಕ್ಕ ಕುರಿಗೆ ಊಟಾ ಹಾಕೀರಲ್ಲ."

ಮರುದಿನ ಬೀಗರ ಕಪ್ಪು ಬೆಲ್ಲದ ಹೋಳಿಗೆಯನ್ನೇ ಬಡಿಸಲಾಯಿತು. ಕೇಳಿ ಕೇಳಿ ಹಾಕಿಸಿಕೊಂಡು ತಿಂದೆ, ಬಣ್ಣದ ಮಾತೆತ್ತಲಿಲ್ಲ. ಅಕ್ಷತೆಯ ಹೊತ್ತಿನಲ್ಲೂ ನನ್ನ ಮಗಳು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಬೀಗರು ಹೊಲಕ್ಕೆ ಆಳು ಕಳಿಸಿ ಲಕ್ಕಪ್ಪನನ್ನೂ ಕರೆಸಿದರು. ಅವನು ಎಲೆಯ ಮುಂದೆ ಕೂರುತ್ತ ಎಲ್ಲರಿಗೂ ಕೇಳುವಂತೆ ಹೇಳಿದ: "ನಮ್ಮ ಮಂದೀದು ಮೊದಲನೇ ಪಂಗತಿ ನಿನ್ನೇನ ಆಗೇತ್ರಿ. ನಾ ಒಬ್ಬಾವ ಉಳದೇನಿ."

ಆದ್ದರಿಂದ ಕೇಳಿ, ಪುಕ್ಕಟೆ ಹೇಳುತ್ತೇನೆ. ಮರಳುವ ಲಾರಿಯನ್ನೇ ಹಿಡಿಯಿರಿ, ಅದರಲ್ಲಿ ನನ್ನ ಮತ ಬದಲಾಗಿಲ್ಲ. ಆದರೆ ಬಾಡಿಗೆ ಇಳಿಸುವ ಮೊದಲು ಹಿಂದೆ ಯಾರಿದ್ದಾರೆ ಎಂದು ಇಣುಕಿ ನೋಡಿ. ಬೀಗರ ಬೆಲ್ಲಕ್ಕೆ ಮೂಗು ಮುರಿಯುವುದಿದ್ದರೆ ನಿಮ್ಮ ಬೆಲ್ಲ ಅವರ ಮನೆ ಮುಟ್ಟಿದ ಮೇಲೆ ಮುರಿಯಿರಿ. ಕುರಿಗಳ ಜೊತೆಗೇ ಹೋಗಬೇಕಾಗಿ ಬಂತೆನ್ನಿ: ಅವು ಒದರುವಷ್ಟು ಹೊತ್ತು ನಿಶ್ಚಿಂತೆಯಿಂದ ಚಹಾ ಕುಡಿಯಿರಿ. ಸದ್ದು ನಿಂತಿತೋ, ಲಾರಿ ನಿಲ್ಲಿಸಿ.